ವಿದ್ಯೆ ಹೆಚ್ಚಾಯಿತೆಂಬ ಆಕ್ಷೇಪಣೆ

ವಿದ್ಯೆ ಸಾಲದೆಂದು ಕೆಲಸ ತಪ್ಪಿಹೋಗುವುದು ಎಲ್ಲರೂ ಬಲ್ಲ ಸಂಗತಿ. ಅದರಲ್ಲಿ ದುಃಖವುಂಟು, ವಿಸ್ಮಯವಿಲ್ಲ. ಮುಂದಿನ ವರ್ಷ ಇನ್ನೊಂದು ಪರೀಕ್ಷೆಗೆ ಕಟ್ಟಿದರಾಯಿತು ಎಂದು ಮನೆಯ ಹಿರಿಯರು ಹುಡುಗನಿಗೆ ಧೈರ್ಯ ಹೇಳುತ್ತಾರೆ. ಆದರೆ ವಿದ್ಯೆ ಹೆಚ್ಚಾಯಿತೆಂಬ ಕಾರಣದಿಂದಲೇ ಕೆಲಸ ತಪ್ಪಿದರೆ ಹೇಳತಕ್ಕ ಸಮಾಧಾನ ಯಾವುದು? ಓದಿದ್ದನ್ನು ಮರೆತು ಬಾ ಎನ್ನಲಾದೀತೆ? ಮಗನನ್ನು ಎಂ.ಎ. ವರೆಗೆ ಓದಿಸುವುದಕ್ಕಾಗಿ ತಂದೆ ತನ್ನ ಭವಿಷ್ಯನಿಧಿಯಿಂದ ಹಣ ತೆಗೆದಿರುತ್ತಾನೆ; ತಾಯಿಯ ಬಳೆಗಳು ಒಂದೆರಡು ಸಲ ಬ್ಯಾಂಕಿನ ಪೆಟ್ಟಿಗೆಯನ್ನು ಕಂಡು ಬಂದಿರುತ್ತವೆ. ಅಷ್ಟೆಲ್ಲ ಆದ ಮೇಲೆ, "ನೀವು ಈ ಕೆಲಸಕ್ಕೆ ಹೆಚ್ಚಿನವರಾದಿರಿ" ಎಂಬ ಮಾತು ಹೊಗಳಿಕೆಯ ವೇಷದಲ್ಲಿ ಬಂದು ಬಾಗಿಲನ್ನು ಮುಚ್ಚುತ್ತದೆ. ಈ ಮಾತು ಈಚೆಗೆ ಬಹಳ ಮನೆಗಳಲ್ಲಿ ಕೇಳಿಬರುತ್ತಿರುವುದರಿಂದ, ಇದರ ಒಳಗೆ ಏನಿದೆ, ಇದನ್ನು ಎದುರಿಸುವ ಬಗೆ ಯಾವುದು ಎಂಬುದನ್ನು ಕುರಿತು ವಾಚಕರೊಡನೆ ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇವೆ.

ಓದಿದವರಿಗೆ ಕೆಲಸ ಸಿಕ್ಕುವುದು ಕಷ್ಟವೆಂಬುದು ಬರಿಯ ಗೊಣಗಾಟವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ದೆಹಲಿಯ ಮಾನವಾಭಿವೃದ್ಧಿ ಸಂಸ್ಥೆಯೊಡನೆ ಸೇರಿ 2024ರಲ್ಲಿ ಪ್ರಕಟಿಸಿದ ವರದಿಯನ್ನು ನೋಡಿದರೆ, 2022ರಲ್ಲಿ ನಮ್ಮ ದೇಶದ ಪದವೀಧರ ತರುಣರಲ್ಲಿ ನೂರಕ್ಕೆ 29.1 ಮಂದಿ ನಿರುದ್ಯೋಗಿಗಳು. ಓದುಬರಹ ಬಾರದ ತರುಣರಲ್ಲಿ ನೂರಕ್ಕೆ 3.4 ಮಂದಿ ಮಾತ್ರ. ಓದು ಬಾರದವನಿಗೆ ಒಳ್ಳೆಯ ಕೆಲಸ ಸಿಕ್ಕಿದೆಯೆಂದು ಇದರ ಅರ್ಥವಲ್ಲ. ಅವನು ಕೈಕಟ್ಟಿ ಕುಳಿತರೆ ಆ ದಿನದ ಊಟವಿಲ್ಲ. ಆದಕಾರಣ ಸಿಕ್ಕಿದ ಕೂಲಿಗೆ ಹೋಗುತ್ತಾನೆ. ಓದಿದವನ ಮನೆಯಲ್ಲಿ ಇನ್ನೂ ಕೆಲವು ಕಾಲ ಕಾಯುವಷ್ಟು ಅನ್ನವಿರುತ್ತದೆ. ಆದಕಾರಣ ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ. ಕಾದು ಕಾದು ವರ್ಷಗಳು ಕಳೆದ ಮೇಲೆ ತನ್ನ ಓದಿಗಿಂತ ಎರಡು ಮೆಟ್ಟಿಲು ಕೆಳಗಿನ ಕೆಲಸಕ್ಕೆ ಅರ್ಜಿ ಹಾಕುತ್ತಾನೆ. ನಮ್ಮ ಪ್ರಕೃತ ವಿಷಯ ಆರಂಭವಾಗುವುದು ಇಲ್ಲಿಯೇ.

ಸಂದರ್ಶನದ ಕೊಠಡಿಯಲ್ಲಿ ನಡೆಯುವುದು ಬಹುಮಟ್ಟಿಗೆ ಹೀಗೆ. ಖಾಸಗಿ ಶಾಲೆಯೊಂದರ ಪ್ರಯೋಗಶಾಲೆಗೆ ಸಹಾಯಕರು ಬೇಕು. ಪಿ.ಯು.ಸಿ. ಓದಿದವರು ಸಾಕು. ಎಂ.ಎಸ್‌ಸಿ. ಮುಗಿಸಿದ ಹೆಣ್ಣುಮಗಳೊಬ್ಬಳು ಬಂದು ಕೂತಿದ್ದಾಳೆ. ಶಾಲೆಯ ಕಾರ್ಯದರ್ಶಿಗಳು ಕಾಗದಗಳನ್ನು ಎರಡು ಸಲ ತಿರುವಿಹಾಕಿ, ಕನ್ನಡಕವನ್ನು ತೆಗೆದಿಟ್ಟು, "ನೀನು ಬಹಳ ಓದಿದ್ದೀಯಲ್ಲಮ್ಮಾ" ಎನ್ನುತ್ತಾರೆ. "ಹೌದು ಸಾರ್, ಕೆಲಸ ಯಾವುದಾದರೂ ಪರವಾಯಿಲ್ಲ, ಮಾಡುತ್ತೇನೆ" ಎಂದು ಆಕೆ ವಿನಯದಿಂದ ಹೇಳುತ್ತಾಳೆ. "ಇಲ್ಲಿ ಗಾಜಿನ ಪಾತ್ರೆ ತೊಳೆಯಬೇಕು, ಬೀರುವಿನ ಲೆಕ್ಕ ಇಡಬೇಕು. ನಿನ್ನ ಓದಿಗೆ ಇದು ತಕ್ಕುದಲ್ಲ, ತಾಯಿ. ನಾಳೆ ಕಾಲೇಜಿನಿಂದ ಕರೆ ಬಂದರೆ ನೀನು ಹೊರಟುಬಿಡುತ್ತೀಯೆ." ಆಕೆಯ ಬಳಿ ಉತ್ತರವಿಲ್ಲ. ನಮಸ್ಕಾರ ಮಾಡಿ ಎದ್ದು ಬರುತ್ತಾಳೆ. ಮನೆಯಲ್ಲಿ ಅಜ್ಜಿ, "ಏನಾಯಿತು ಮಗೂ?" ಎಂದರೆ, "ಓದು ಜಾಸ್ತಿಯಾಯಿತಂತೆ, ಅಜ್ಜಿ" ಎಂಬುದೇ ಉತ್ತರ.

ಈ ಸಂಭಾಷಣೆಯಲ್ಲಿ ಗಮನಿಸತಕ್ಕುದೊಂದುಂಟು. ಕಾರ್ಯದರ್ಶಿಗಳು ಆಕೆಯ ಓದನ್ನು ಹಳಿಯಲಿಲ್ಲ, ಆಕೆಗೆ ಪಾತ್ರೆ ತೊಳೆಯಲು ಬಾರದೆಂದೂ ಹೇಳಲಿಲ್ಲ. ಅವರು ಹೇಳಿದ್ದು, ಹೊರಟುಬಿಡುತ್ತೀಯೆ ಎಂದು. ಅಂದರೆ ಆಕ್ಷೇಪಣೆಯ ಹೆಸರು ವಿದ್ಯೆ. ಅದರ ಒಳಗಿರುವುದು ಭಯ. ಹೊಸಬರನ್ನು ತರಬೇತುಗೊಳಿಸುವುದಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಕಲಿತ ಮೇಲೆ ಹೊರಟುಹೋದರೆ ಮತ್ತೆ ಪತ್ರಿಕೆಗೆ ಜಾಹೀರಾತು, ಮತ್ತೆ ಸಂದರ್ಶನ, ಮತ್ತೆ ತರಬೇತು. ಇದಲ್ಲದೆ, ಮೇಲೆ ಕೂತಿರುವ ಮುಖ್ಯ ಗುಮಾಸ್ತೆಯೋ ಮೇಲ್ವಿಚಾರಕನೋ ತನಗಿಂತ ಹೆಚ್ಚು ಓದಿದವನಿಗೆ ಅಪ್ಪಣೆ ಮಾಡಲು ಅಂಜುತ್ತಾನೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅನೇಕ ಅರ್ಜಿಗಳು ಕಸದ ಬುಟ್ಟಿ ಸೇರುವುದು ಇದರಿಂದಲೇ ಎಂದು ನಮ್ಮ ಅಭಿಪ್ರಾಯ. ಹೆಚ್ಚು ಓದಿದವನು ಹೆಚ್ಚು ಸಂಬಳ ಕೇಳುತ್ತಾನೆ, ಕೊಡದಿದ್ದರೆ ಗೊಣಗುತ್ತಾನೆ, ಗೊಣಗಿ ಉಳಿದವರ ಮನಸ್ಸನ್ನೂ ಕೆಡಿಸುತ್ತಾನೆ ಎಂಬ ಶಂಕೆಯೂ ಸೇರಿಕೊಳ್ಳುತ್ತದೆ.

ಈ ಭಯ ನಮ್ಮ ದೇಶದವರಿಗೆ ಮಾತ್ರ ಇರುವುದೆಂದು ತಿಳಿಯಬೇಡಿ. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ನ್ಯೂ ಲಂಡನ್ ಎಂಬ ಪಟ್ಟಣವೊಂದಿದೆ. ಅಲ್ಲಿ ಪೋಲೀಸ್ ಕೆಲಸಕ್ಕೆ ಬಂದವರಿಗೆ 1996ರಲ್ಲಿ ಒಂದು ಬುದ್ಧಿಪರೀಕ್ಷೆಯನ್ನು ಕೊಟ್ಟರು. ಪ್ರಶ್ನೆಗಳು 50, ಅವಧಿ 12 ನಿಮಿಷ. ರಾಬರ್ಟ್ ಜೋರ್ಡನ್ ಎಂಬವರು 33 ಅಂಕ ಗಳಿಸಿದರು. ಸಂದರ್ಶನಕ್ಕೆ ಕರೆ ಬರಲಿಲ್ಲ. ವಿಚಾರಿಸಿದಾಗ ತಿಳಿದುಬಂದುದೇನೆಂದರೆ, 20ರಿಂದ 27ರವರೆಗೆ ಅಂಕ ಬಂದವರನ್ನು ಮಾತ್ರ ಆ ಇಲಾಖೆಯವರು ಕರೆಯುತ್ತಿದ್ದರು! ಇದಕ್ಕಿಂತ ಬುದ್ಧಿವಂತನಾದವನಿಗೆ ಗಸ್ತು ತಿರುಗುವ ಕೆಲಸ ಬೇಸರವಾಗಿ, ತರಬೇತಿಗೆ ಖರ್ಚು ಮಾಡಿದ ಹಣ ನೀರಿನಲ್ಲಿ ಹೋದೀತೆಂದು ಅವರ ವಾದ. ಜೋರ್ಡನ್ ನ್ಯಾಯಾಲಯಕ್ಕೆ ಹೋದರು. 1999ರಲ್ಲಿ ಸೋತರು, 2000ದಲ್ಲಿ ಮೇಲ್ಮನವಿಯಲ್ಲಿಯೂ ಸೋತರು. ಈ ಪದ್ಧತಿ ವಿವೇಕದ್ದಲ್ಲದಿರಬಹುದು, ಆದರೆ ಎಲ್ಲರಿಗೂ ಒಂದೇ ಅಳತೆಯನ್ನು ಹಿಡಿದಿರುವುದರಿಂದಲೂ ಅದಕ್ಕೊಂದು ಉದ್ದೇಶವಿರುವುದರಿಂದಲೂ ಕಾನೂನಿನ ದೃಷ್ಟಿಯಿಂದ ತಪ್ಪಲ್ಲವೆಂಬುದು ನ್ಯಾಯಾಧೀಶರ ತೀರ್ಪಿನ ಸಾರ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತೇವೆ. ಅಲ್ಲಿ ಆ ಮುಕ್ಕಾಲೇ ಹೆಚ್ಚಾಯಿತು. ಅವರು ಸೆರೆಮನೆಯ ಕಾವಲುಗಾರರಾಗಿ ಕೆಲಸ ಮಾಡಿದರೆಂದು ತಿಳಿದಾಗ, ಬೇಸರದ ವಿಷಯದಲ್ಲಿ ಗಸ್ತಿಗೂ ಕಾವಲಿಗೂ ಎಷ್ಟು ಅಂತರವೋ ಎಂದು ನಗುಬರುತ್ತದೆ.

ಹಾಗಾದರೆ ಧಣಿಗಳ ಈ ಭಯ ನಿಜವೋ ಸುಳ್ಳೋ? ಅರ್ಧ ನಿಜ. ಬೆರಿನ್ ಎರ್ದೊಗಾನ್ ಮತ್ತು ಟಾಲ್ಯಾ ಬಾಯರ್ ಎಂಬ ಇಬ್ಬರು ವಿದುಷಿಯರು ತುರ್ಕಿ ದೇಶದ ಬಟ್ಟೆಯಂಗಡಿಗಳಲ್ಲಿ ಮಾರಾಟ ಮಾಡುವ ನೌಕರರನ್ನು ಪರೀಕ್ಷಿಸಿ 2009ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ತಮ್ಮ ಯೋಗ್ಯತೆ ಈ ಕೆಲಸಕ್ಕಿಂತ ಹೆಚ್ಚಿನದೆಂದು ತಿಳಿದಿದ್ದ ನೌಕರರು ವ್ಯಾಪಾರವನ್ನು ಹೆಚ್ಚಾಗಿಯೇ ಮಾಡಿದ್ದರು, ಕಡಮೆಯಲ್ಲ. ಅವರಲ್ಲಿ ಅತೃಪ್ತಿಯೂ ಬಿಟ್ಟುಹೋಗುವ ಮನಸ್ಸೂ ಕಂಡುಬಂದದ್ದೇನೋ ಹೌದು. ಆದರೆ ಕೆಲಸದಲ್ಲಿ ಸ್ವಂತ ವಿವೇಚನೆಗೆ ಎಡೆಯುಂಟು, ತಮ್ಮ ಮಾತಿಗೆ ಬೆಲೆಯುಂಟು ಎಂದು ಕಂಡವರಲ್ಲಿ ಆ ದೋಷ ಬಹಳ ತಗ್ಗಿತ್ತು. ಇದರಿಂದ ನಮಗೆ ತೋರುವುದು ಇಷ್ಟು: ಹೆಚ್ಚು ಓದಿದವನು ಓಡಿಹೋಗುವುದು ಓದಿನಿಂದಲ್ಲ, ಅವನನ್ನು ಕೂರಿಸಿದ ಕುರ್ಚಿಯಿಂದ. ಆತನಿಗೆ ಪಾತ್ರೆ ತೊಳೆಯುವುದರ ಜೊತೆಗೆ ಪ್ರಯೋಗದ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸವನ್ನೂ ಕೊಟ್ಟರೆ ಶಾಲೆಗೂ ಲಾಭ, ಆತನಿಗೂ ಸಮಾಧಾನ. ಈ ಮಾತನ್ನು ಧಣಿಗಳಿಗೆ ಹೇಳುವವರು ಯಾರು ಎಂಬುದು ಬೇರೆ ಪ್ರಶ್ನೆ.

ಇನ್ನು ನಮ್ಮ ದೇಶದ ಕಾನೂನಿಗೆ ಬರೋಣ. ಇದನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರುವುದು ಅವಶ್ಯ. ತಿಳಿಯದೆ ಕೈಗೆ ಬಂದ ಕೆಲಸವನ್ನು ಕಳೆದುಕೊಂಡವರುಂಟು.

ನಾಗಪುರದ ಜಿಲ್ಲಾ ನ್ಯಾಯಾಧೀಶರ ಕಚೇರಿಯಿಂದ ಹುಟ್ಟಿದ ಮೊಕದ್ದಮೆಯೊಂದು 2000ದಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಜವಾನರ ಕೆಲಸಕ್ಕೆ ಅರ್ಜಿ ಹಾಕಿದವರಲ್ಲಿ ಹೆಚ್ಚು ಓದಿದವರನ್ನು ಆ ಕಾರಣಕ್ಕಾಗಿಯೇ ಪರಿಗಣನೆಯಿಂದ ಕೈಬಿಡಲಾಗಿತ್ತು. ನಿಗದಿಯಾದುದಕ್ಕಿಂತ ಹೆಚ್ಚಿನ ವಿದ್ಯೆಯಿದೆಯೆಂದು ಒಬ್ಬನ ಅರ್ಜಿಯನ್ನು ನೋಡದೆಯೇ ತಳ್ಳುವುದು ಯುಕ್ತಿಗೆ ಒಪ್ಪುವ ಮಾತಲ್ಲವೆಂದು ನ್ಯಾಯಾಲಯ ಹೇಳಿತು. ಆದರೆ ಅದರ ಜೊತೆಯಲ್ಲಿಯೇ, ಇದು ಈ ಮೊಕದ್ದಮೆಯ ಸಂಗತಿಗಳನ್ನು ನೋಡಿ ಹೇಳಿದ್ದು, ಎಲ್ಲೆಡೆಗೂ ಹೊಂದುವ ನಿಯಮವೆಂದು ಭಾವಿಸಕೂಡದು ಎಂದೂ ಎಚ್ಚರಿಸಿತು. ತೀರ್ಪಿನ ಮೊದಲ ಭಾಗವನ್ನು ಮಾತ್ರ ಕೇಳಿ ಸಂತೋಷಪಟ್ಟವರೇ ಹೆಚ್ಚು.

ಇಪ್ಪತ್ತು ವರ್ಷಗಳ ತರುವಾಯ, 2020ನೆಯ ನವೆಂಬರ್ 3ರಂದು, ಅದೇ ನ್ಯಾಯಾಲಯ ಇನ್ನೊಂದು ತೀರ್ಪು ಕೊಟ್ಟಿತು. ಪಂಜಾಬ್ ನ್ಯಾಷನಲ್ ಬ್ಯಾಂಕಿನವರು ಜವಾನರ ಕೆಲಸಕ್ಕೆ ಜಾಹೀರಾತು ಕೊಟ್ಟಿದ್ದರು. ಹನ್ನೆರಡನೆಯ ತರಗತಿ ಮುಗಿಸಿರಬೇಕು, ಆದರೆ 2016ನೆಯ ಜನವರಿ 1ಕ್ಕೆ ಪದವೀಧರನಾಗಿರಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಒಬ್ಬ ಅಭ್ಯರ್ಥಿ 2014ರಲ್ಲಿಯೇ ಪದವಿ ಪಡೆದಿದ್ದನು. ಅರ್ಜಿಯಲ್ಲಿ ಹನ್ನೆರಡನೆಯ ತರಗತಿಯವರೆಗೆ ಮಾತ್ರ ಬರೆದು, ಪದವಿಯ ಸುದ್ದಿಯನ್ನೆತ್ತಲಿಲ್ಲ. ಆಯ್ಕೆಯಾದನು. ಮುಂದೆ ಸಂಗತಿ ಹೊರಬಿದ್ದು ಬ್ಯಾಂಕಿನವರು ಅವನನ್ನು ಸೇರಿಸಿಕೊಳ್ಳಲಿಲ್ಲ. ಒರಿಸ್ಸಾದ ಉಚ್ಚ ನ್ಯಾಯಾಲಯ ಅಭ್ಯರ್ಥಿಯ ಪಕ್ಷವನ್ನು ಹಿಡಿಯಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಯಾವ ಕೆಲಸಕ್ಕೆ ಎಂಥವರು ಬೇಕೆಂದು ನಿಶ್ಚಯಿಸುವುದು ಕೆಲಸ ಕೊಡುವವರಿಗೆ ಬಿಟ್ಟ ವಿಷಯ. ಇದಲ್ಲದೆ ಮುಖ್ಯವಾದ ಸಂಗತಿಯನ್ನು ಮರೆಮಾಚಿ ಕೆಲಸಕ್ಕೆ ಸೇರಬಯಸಿದವನು ಆ ಕೆಲಸದಲ್ಲಿ ಮುಂದುವರಿಯುವ ಹಕ್ಕನ್ನು ಕೇಳಲಾರನು ಎಂದು ನ್ಯಾಯಾಧೀಶರು ಹೇಳಿದರು.

ಓದಿದ್ದನ್ನು ಮುಚ್ಚಿಟ್ಟು ಜವಾನನಾಗಬಯಸಿದ ಆ ತರುಣನನ್ನು ನೆನೆದರೆ ಕನಿಕರವಾಗುವುದು ಸಹಜ. ಕಳ್ಳತನ ಮಾಡಿದವನು ಕದ್ದದ್ದನ್ನು ಬಚ್ಚಿಡುತ್ತಾನೆ. ಇವನು ಬಚ್ಚಿಟ್ಟದ್ದು ತಾನು ಕಷ್ಟಪಟ್ಟು ಗಳಿಸಿದ್ದನ್ನು. ಆದರೂ ಆ ಜಾಹೀರಾತಿನ ಷರತ್ತನ್ನು ಸುಮ್ಮನೆ ಕ್ರೂರವೆಂದು ಹೇಳಿಬಿಡಲು ನಾವು ಸಿದ್ಧರಿಲ್ಲ. ಏತಕ್ಕೆಂದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕಾಗಿದೆ.

2015ರಲ್ಲಿ ಉತ್ತರ ಪ್ರದೇಶದ ಸಚಿವಾಲಯದಲ್ಲಿ 368 ಜವಾನರು ಬೇಕೆಂದು ಪ್ರಕಟಣೆ ಹೊರಟಿತು. ಐದನೆಯ ತರಗತಿ ಓದಿ, ಸೈಕಲ್ ತುಳಿಯಲು ಬಂದರೆ ಸಾಕು. ಬಂದ ಅರ್ಜಿಗಳು ಸುಮಾರು 23 ಲಕ್ಷ! ಒಂದೊಂದು ಸ್ಥಾನಕ್ಕೆ ಆರು ಸಾವಿರಕ್ಕೂ ಹೆಚ್ಚು ಮಂದಿಯಾಯಿತು. ಅರ್ಜಿ ಹಾಕಿದವರಲ್ಲಿ ಪದವೀಧರರು ಒಂದೂವರೆ ಲಕ್ಷಕ್ಕೆ ಕಡಮೆಯಿಲ್ಲ, ಪಿಎಚ್.ಡಿ. ಪಡೆದವರೇ 255 ಮಂದಿ. ದಿನವೊಂದಕ್ಕೆ ಎರಡು ಸಾವಿರ ಜನರಂತೆ ಭಾನುವಾರವೂ ಬಿಡದೆ ಸಂದರ್ಶನ ಮಾಡಿದರೂ ಮೂರು ವರ್ಷ ಸಾಲದು. ಅದೇ ಪ್ರಾಂತದಲ್ಲಿ 2018ರಲ್ಲಿ ಪೋಲೀಸ್ ಇಲಾಖೆಯ 62 ಸಂದೇಶವಾಹಕರ ಕೆಲಸಕ್ಕೆ 93 ಸಾವಿರ ಅರ್ಜಿಗಳು ಬಂದವು. ನಮ್ಮ ನಾಡಿನಲ್ಲಿಯೂ ಪಿ.ಯು.ಸಿ. ಸಾಕೆಂದು ಹೇಳಿದ ಪೋಲೀಸ್ ಪೇದೆಯ ಕೆಲಸಕ್ಕೆ ಪದವೀಧರರು, ಇಂಜಿನಿಯರಿಂಗ್ ಓದಿದವರು ಸಾಲುಗಟ್ಟುವುದು ಹೊಸದೇನಲ್ಲ.

ಈ ಜನಸಮುದಾಯದ ನಡುವೆ ಐದನೆಯ ತರಗತಿಗೇ ಶಾಲೆ ಬಿಟ್ಟ ಹುಡುಗನೊಬ್ಬನು ನಿಂತಿದ್ದಾನೆಂದು ಭಾವಿಸಿರಿ. ಅವನ ತಂದೆಗೆ ಓದಿಸುವ ಶಕ್ತಿಯಿರಲಿಲ್ಲ. ಸರಕಾರದ ಸಂಬಳ ಅವನ ಕೈಗೆ ಎಟಕಬಹುದಾದ ಬಾಗಿಲು ಇದೊಂದೇ. ಬರವಣಿಗೆಯ ಪರೀಕ್ಷೆಯಿಟ್ಟರೆ ಎಂ.ಎ. ಓದಿದವನು ಅವನನ್ನು ಹಿಂದೆ ಹಾಕುವುದರಲ್ಲಿ ಸಂಶಯವೇನು? ಎಂ.ಎ. ಓದಿದವನಿಗೆ ಇನ್ನೂ ಹತ್ತು ಬಾಗಿಲುಗಳುಂಟು. ಅವು ಮುಚ್ಚಿರಬಹುದು, ಆದರೆ ತಟ್ಟುವುದಕ್ಕಾದರೂ ಉಂಟು. ಆದಕಾರಣ, ಅತ್ಯಂತ ಕೆಳಗಿನ ಕೆಲಸಗಳಿಗೆ ವಿದ್ಯೆಯ ಮೇಲ್ಮಿತಿಯನ್ನು ಜಾಹೀರಾತಿನಲ್ಲಿಯೇ ಮೊದಲು ಹೇಳಿ ನಿಷ್ಪಕ್ಷಪಾತವಾಗಿ ಪಾಲಿಸಿದರೆ ನಾವು ಅದನ್ನು ಅನ್ಯಾಯವೆನ್ನುವುದಿಲ್ಲ. ಅನ್ಯಾಯವೆಂದರೆ, ಮೊದಲು ಏನನ್ನೂ ಹೇಳದೆ ಅರ್ಜಿಯ ಶುಲ್ಕವನ್ನು ತೆಗೆದುಕೊಂಡು, ದೂರದ ಊರಿನಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕರೆಸಿಕೊಂಡು, ಕೊನೆಗೆ "ನಿಮ್ಮ ಓದು ಹೆಚ್ಚಾಯಿತು" ಎನ್ನುವುದು. ಖಾಸಗಿ ಸಂಸ್ಥೆಗಳಲ್ಲಿ ಹೆಚ್ಚಾಗಿ ನಡೆಯುವುದು ಈ ಎರಡನೆಯದೇ.

ಈ ಇಕ್ಕಟ್ಟು ಇಂದು ನಿನ್ನೆಯದಲ್ಲ. ಓದಿದವರ ನಿರುದ್ಯೋಗವನ್ನು ವಿಚಾರಿಸುವುದಕ್ಕೆಂದು ಸಂಯುಕ್ತ ಪ್ರಾಂತದ ಸರಕಾರ ನೇಮಿಸಿದ್ದ ಸರ್ ತೇಜ್ ಬಹಾದೂರ್ ಸಪ್ರೂ ಅವರ ಸಮಿತಿ 1935ರಲ್ಲಿಯೇ ವರದಿಯನ್ನೊಪ್ಪಿಸಿತ್ತು. ಅಂದು ಸಂಯುಕ್ತ ಪ್ರಾಂತವೆನ್ನಿಸಿಕೊಂಡದ್ದೇ ಇಂದಿನ ಉತ್ತರ ಪ್ರದೇಶ; 23 ಲಕ್ಷ ಅರ್ಜಿಗಳು ಬಂದದ್ದೂ ಅಲ್ಲಿಯೇ. ರೊನಾಲ್ಡ್ ಡೋರ್ ಎಂಬ ಆಂಗ್ಲ ವಿದ್ವಾಂಸರು ಇಂಗ್ಲೆಂಡ್, ಜಪಾನ್, ಶ್ರೀಲಂಕಾ, ಕೆನ್ಯಾ ದೇಶಗಳನ್ನು ನೋಡಿ 1976ರಲ್ಲಿ ಒಂದು ಪುಸ್ತಕವನ್ನು ಬರೆದು, ಈ ವ್ಯಾಧಿಗೆ ಪ್ರಮಾಣಪತ್ರದ ರೋಗವೆಂದೇ ಹೆಸರಿಟ್ಟರು. ರೋಗದ ಗತಿ ಸುಲಭವಾಗಿ ತಿಳಿಯುವಂಥದು. ಗುಮಾಸ್ತೆಯ ಕೆಲಸಕ್ಕೆ ಮೆಟ್ರಿಕ್ ಸಾಕೆಂದಿರುವಾಗ ಮೆಟ್ರಿಕ್ ಆದವರು ಸಾವಿರಾರು ಮಂದಿ ಬರುತ್ತಾರೆ. ಸೋಸುವುದಕ್ಕೆ ಬೇರೆ ಜರಡಿಯಿಲ್ಲದೆ ಕೆಲಸ ಕೊಡುವವರು ಪದವಿ ಬೇಕೆನ್ನುತ್ತಾರೆ. ಕೆಲಸವೇನೂ ಬದಲಾಗಲಿಲ್ಲ, ಅದೇ ಕಡತ, ಅದೇ ಟಪ್ಪಾಲು. ಆದರೆ ಎಲ್ಲರೂ ಪದವಿಗೆ ಓಡುತ್ತಾರೆ, ಪದವೀಧರರೂ ಸಾವಿರಾರು ಮಂದಿಯಾಗುತ್ತಾರೆ, ಆಗ ಎಂ.ಎ. ಬೇಕು. ಅಮೆರಿಕದ ಮೈಕೆಲ್ ಸ್ಪೆನ್ಸ್ 1973ರಲ್ಲಿ ಇದನ್ನೇ ಅರ್ಥಶಾಸ್ತ್ರದ ಭಾಷೆಯಲ್ಲಿ ವಿವರಿಸಿದರು: ಧಣಿಗೆ ಅಭ್ಯರ್ಥಿಯ ಸಾಮರ್ಥ್ಯ ಕಣ್ಣಿಗೆ ಕಾಣದು, ಆದಕಾರಣ ಪದವಿಯನ್ನು ಒಂದು ಗುರುತಾಗಿ ಹಿಡಿಯುತ್ತಾನೆ. 2001ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಗುರುತೆಂಬುದು ಎರಡು ಅಲಗಿನ ಕತ್ತಿ. ಬುದ್ಧಿವಂತನೆಂದು ಸಾರುವ ಪದವಿಯೇ, ನಿಲ್ಲದೆ ಹೋಗುವವನೆಂದೂ ಸಾರುತ್ತದೆ.

ಇಲ್ಲಿ ತಾಯಿತಂದೆಯರು ಸಾಮಾನ್ಯವಾಗಿ ಬೀಳುವ ಒಂದು ಭ್ರಾಂತಿಯನ್ನು ಹೇಳಬೇಕು. ವಿದ್ಯೆಯೆಂದರೆ ಏಣಿ, ಮೇಲಿನ ಮೆಟ್ಟಿಲೇರಿದವನು ಕೆಳಗಿನದನ್ನು ದಾಟಿಯೇ ಇರುತ್ತಾನೆ ಎಂದು ತಿಳಿಯುವುದು. ಇದು ಎಲ್ಲ ಸಂದರ್ಭದಲ್ಲಿಯೂ ನಿಜವಲ್ಲ. ಪ್ರಾಥಮಿಕ ಶಾಲೆಯ ಉಪಾಧ್ಯಾಯರ ಸಂಗತಿಯನ್ನೇ ನೋಡಿರಿ. ಒಂದರಿಂದ ಐದನೆಯ ತರಗತಿಯವರೆಗೆ ಪಾಠ ಹೇಳುವುದಕ್ಕೆ ಡಿ.ಎಡ್. ಅಥವಾ ಅದಕ್ಕೆ ಸಮನಾದ ಡಿಪ್ಲೊಮಾ ಗೊತ್ತುಮಾಡಲ್ಪಟ್ಟಿತ್ತು. 2018ನೆಯ ಜೂನ್ 28ರಂದು ಉಪಾಧ್ಯಾಯ ಶಿಕ್ಷಣದ ರಾಷ್ಟ್ರೀಯ ಪರಿಷತ್ತು ಬಿ.ಎಡ್. ಆದವರೂ ಅರ್ಹರೆಂದು ಪ್ರಕಟಿಸಿತು. ಸೇರಿದ ಎರಡು ವರ್ಷಗಳೊಳಗೆ ಆರು ತಿಂಗಳ ಒಂದು ಶಿಕ್ಷಣಕ್ರಮವನ್ನು ಮುಗಿಸಿದರಾಯಿತು. ಲಕ್ಷಾಂತರ ತರುಣ ತರುಣಿಯರು ಇದನ್ನು ನಂಬಿದರು. 2023ನೆಯ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ಆ ಪ್ರಕಟಣೆಯನ್ನು ರದ್ದುಮಾಡಿತು. ಎಳೆಯ ಮಕ್ಕಳಿಗೆ ಅಕ್ಷರ ಕಲಿಸುವ ವಿದ್ಯೆಯೇ ಬೇರೆ, ಬಿ.ಎಡ್.ನಲ್ಲಿ ಕಲಿಸುವುದು ದೊಡ್ಡ ಮಕ್ಕಳ ಬೋಧನೆ. ಅದನ್ನು ಹೆಚ್ಚಿನ ಅರ್ಹತೆಯೆಂದು ಭಾವಿಸಿ ಇದರ ಬದಲಿಗೆ ಒಪ್ಪಲಾಗದು ಎಂಬುದು ತೀರ್ಪಿನ ತಿರುಳು. ತೀರ್ಪಿಗೆ ಮೊದಲೇ ಬಿ.ಎಡ್. ಅರ್ಹತೆಯೆಂದು ಹೇಳಿದ ಜಾಹೀರಾತಿನಂತೆ ಸಕ್ರಮವಾಗಿ ನೇಮಕವಾಗಿದ್ದವರಿಗೆ ತೊಂದರೆಯಿಲ್ಲವೆಂದು 2024ನೆಯ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಲಾಯಿತು.

ಮಗುವಿನ ಕೈಹಿಡಿದು ಅ ಆ ತಿದ್ದಿಸುವ ಅಕ್ಕನ ಕೆಲಸವನ್ನು ಕೆಳಗಿನ ಮೆಟ್ಟಿಲೆಂದು ನಾವು ಇಷ್ಟು ದಿನ ಎಣಿಸಿದ್ದೆವಲ್ಲ, ಅದಕ್ಕೆ ಈ ತೀರ್ಪು ತಕ್ಕ ಉತ್ತರ. ಆದುದರಿಂದ ಮಕ್ಕಳನ್ನು ಯಾವುದಾದರೊಂದು ಶಿಕ್ಷಣಕ್ಕೆ ಸೇರಿಸುವ ಮೊದಲು, ಅವರು ಮಾಡಬಯಸುವ ಕೆಲಸದ ಹಳೆಯ ಜಾಹೀರಾತುಗಳನ್ನು ಎರಡು ಮೂರು ವರ್ಷದವನ್ನಾದರೂ ತರಿಸಿ ಓದಿರಿ. ಅದರಲ್ಲಿ "ಕನಿಷ್ಠ ವಿದ್ಯಾರ್ಹತೆ" ಎಂದಿದೆಯೋ, ಇಂಥ ಪರೀಕ್ಷೆಯೇ ಆಗಿರಬೇಕೆಂದಿದೆಯೋ, ಪದವೀಧರರು ಅರ್ಹರಲ್ಲವೆಂದಿದೆಯೋ ನೋಡಿರಿ. ಈ ಮೂರು ಮಾತುಗಳ ಅಂತರದಲ್ಲಿ ಒಂದು ಮನೆಯ ಐದು ವರ್ಷದ ಉಳಿತಾಯ ಅಡಗಿರುತ್ತದೆ. ಷರತ್ತು ಸ್ಪಷ್ಟವಾಗಿದ್ದರೆ ಅರ್ಜಿ ಹಾಕಬೇಡಿ. ಶುಲ್ಕವೂ ದಂಡ, ಹುಡುಗನ ಆಸೆಯೂ ದಂಡ.

ಪದವಿಯನ್ನು ಮುಚ್ಚಿಡುವ ವಿಚಾರದಲ್ಲಿ ನಮ್ಮನ್ನು ಕೇಳುವವರುಂಟು. "ಒಂದು ಸಾಲು ಬರೆಯದಿದ್ದರೆ ಏನಾಗುತ್ತದೆ, ಸ್ವಾಮಿ?" ಎನ್ನುತ್ತಾರೆ. ಸರಕಾರದ, ಬ್ಯಾಂಕಿನ ಕೆಲಸವಾದರೆ ಏನಾಗುತ್ತದೆಂಬುದನ್ನು ಮೇಲೆ ಹೇಳಿದ್ದೇವೆ. ಎಲ್ಲ ವಿದ್ಯಾರ್ಹತೆಗಳನ್ನೂ ಬರೆಯಬೇಕೆಂದು ಅರ್ಜಿಯ ನಮೂನೆಯಲ್ಲಿ ಕೇಳಿದ್ದರೆ ಎಲ್ಲವನ್ನೂ ಬರೆಯಲೇಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಖಾಸಗಿ ಅಂಗಡಿ, ಕಾರ್ಖಾನೆ, ಶಾಲೆಗಳಿಗೆ ನಾವೇ ಬರೆದು ಕಳುಹಿಸುವ ಅರ್ಜಿಯ ಮಾತು ಬೇರೆ. ಅಲ್ಲಿ ಈ ಕೆಲಸಕ್ಕೆ ಸಂಬಂಧಿಸಿದ ಓದನ್ನೂ ಅನುಭವವನ್ನೂ ಮೊದಲು ವಿಸ್ತಾರವಾಗಿ ಬರೆದು, ಸಂಬಂಧವಿಲ್ಲದ್ದನ್ನು ಕೊನೆಯಲ್ಲಿ ಒಂದು ಸಾಲಿಗೆ ಇಳಿಸುವುದರಲ್ಲಿ ದೋಷವಿಲ್ಲ. ಲೆಕ್ಕ ಬರೆಯುವ ಕೆಲಸಕ್ಕೆ ಹೋಗುವವನು ತನ್ನ ಪಿಎಚ್.ಡಿ. ಪ್ರಬಂಧದ ಹೆಸರನ್ನು ದೊಡ್ಡಕ್ಷರದಲ್ಲಿ ನೆತ್ತಿಯ ಮೇಲೆ ಹೊತ್ತುಕೊಂಡು ಹೋಗಬೇಕಾಗಿಲ್ಲ. ಆದರೆ ಬಾಯಿಬಿಟ್ಟು ಕೇಳಿದಾಗ ಇಲ್ಲವೆನ್ನಕೂಡದು.

ಇನ್ನು ಸಂದರ್ಶನದ ಕೊಠಡಿ. ಮೇಲೆ ಹೇಳಿದ ಹೆಣ್ಣುಮಗಳು "ಕೆಲಸ ಯಾವುದಾದರೂ ಪರವಾಯಿಲ್ಲ" ಎಂದಳಲ್ಲವೆ? ವಿನಯದ ಮಾತೇ ಸರಿ. ಆದರೆ ಕೇಳಿದವರಿಗೆ ಅದು ಬೇರೆಯಾಗಿ ಕೇಳಿಸುತ್ತದೆ. ಯಾವುದಾದರೂ ಪರವಾಯಿಲ್ಲವೆನ್ನುವವನಿಗೆ ಈ ಕೆಲಸವೇ ಬೇಕೆಂಬ ಆಸ್ಥೆಯಿಲ್ಲವೆಂದೂ, ಬೇರೆಯದು ಸಿಕ್ಕುವವರೆಗೆ ಮಳೆಗೆ ಜಗಲಿ ಹತ್ತಿದ್ದಾನೆಂದೂ ಅವರು ತಿಳಿಯುತ್ತಾರೆ. ಅವರ ಭಯವನ್ನು ನಾವೇ ಮೊದಲು ಎತ್ತಿ ಹೇಳುವುದು ಮೇಲು. "ನನ್ನ ಓದು ಈ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚೆಂಬುದನ್ನು ಬಲ್ಲೆ. ನಾನು ಈ ಊರಿನವಳು, ತಂದೆತಾಯಿಗಳನ್ನು ನೋಡಿಕೊಂಡು ಇಲ್ಲಿಯೇ ಇರತಕ್ಕವಳು. ಎರಡು ವರ್ಷ ಬಿಟ್ಟುಹೋಗುವುದಿಲ್ಲವೆಂದು ಬರೆದುಕೊಡುತ್ತೇನೆ. ನಿಮ್ಮ ಪ್ರಯೋಗಶಾಲೆಯ ಸಾಮಾನಿನ ಪಟ್ಟಿಯನ್ನು ಕ್ರಮಪಡಿಸಿ ಕೊಡುವೆನು" ಎಂದರೆ ಕಾರ್ಯದರ್ಶಿಗಳು ಕನ್ನಡಕವನ್ನು ಮತ್ತೆ ಹಾಕಿಕೊಳ್ಳುತ್ತಾರೆ. ಬರೆದುಕೊಡುವ ಮೊದಲು ಷರತ್ತನ್ನು ಪೂರ್ತಿ ಓದಬೇಕು. ನಡುವೆ ಬಿಟ್ಟರೆ ಹಣ ಕೊಡಬೇಕೆಂದಿದ್ದರೆ ಎಷ್ಟೆಂಬುದನ್ನು ಕೇಳಿ ತಿಳಿಯಬೇಕು. ಸುಳ್ಳು ಮಾತು ಕೊಡುವುದಂತೂ ಸಲ್ಲದು. ಮೂರು ತಿಂಗಳಿಗೆ ಬಿಟ್ಟುಹೋದ ಒಬ್ಬಳಿಂದ ಆ ಶಾಲೆಯಲ್ಲಿ ಮುಂದೆ ಬರುವ ಹತ್ತು ಮಂದಿ ಓದಿದವರಿಗೆ ಬಾಗಿಲು ಮುಚ್ಚುತ್ತದೆ.

ಮನೆಯವರಿಗೂ ಒಂದು ಮಾತು. ಕಡಮೆಯ ಕೆಲಸಕ್ಕೆ ಸೇರಿದ ಮಗನ ಎದುರಿನಲ್ಲಿ, "ಇದಕ್ಕಾಗಿಯೇ ನಿನ್ನನ್ನು ಓದಿಸಿದೆವೆ?" ಎಂದು ಬಂಧುಬಳಗದ ಮುಂದೆ ಆಡುವ ರೂಢಿ ಕೆಲವು ಮನೆಗಳಲ್ಲುಂಟು. ಮದುವೆಯ ಮಾತು ಬಂದಾಗಲಂತೂ ಅವನ ಪದವಿಯನ್ನು ಹೇಳಿ ಕೆಲಸವನ್ನು ನುಂಗಿಬಿಡುತ್ತಾರೆ. ಕೆಲಸದಲ್ಲಿ ನಿಲ್ಲಬೇಕೆಂದು ಮನಸ್ಸು ಮಾಡಿದವನನ್ನೂ ಈ ಚುಚ್ಚುಮಾತು ಅಲ್ಲಿಂದ ಎಬ್ಬಿಸುತ್ತದೆ. ಆಮೇಲೆ ಧಣಿ, "ನಾನು ಮೊದಲೇ ಹೇಳಿದೆನಲ್ಲ" ಎನ್ನುತ್ತಾನೆ.

ಈ ಆಕ್ಷೇಪಣೆಯಿಂದ ಹೆಚ್ಚಾಗಿ ನೋಯುವವರು ಎರಡು ಬಗೆಯವರು. ಒಬ್ಬರು, ಅರುವತ್ತಕ್ಕೆ ನಿವೃತ್ತರಾಗಿ ಇನ್ನೂ ಕೈಕಾಲು ಗಟ್ಟಿಯಿರುವ ಗಂಡಸರು. ಮೂವತ್ತೈದು ವರ್ಷ ಕಚೇರಿಯನ್ನು ನಡೆಸಿದವರು ಸಣ್ಣ ಅಂಗಡಿಯ ಲೆಕ್ಕ ಬರೆಯಲು ಹೋದರೆ, ಅಂಗಡಿಯ ಹುಡುಗ ಯಜಮಾನ "ನಿಮಗೆ ನಾನು ಹೇಗೆ ಕೆಲಸ ಹೇಳಲಿ ರಾಯರೇ" ಎಂದು ಎದ್ದು ನಿಲ್ಲುತ್ತಾನೆ. ಇವರು ಪೂರ್ತಿ ದಿನದ ಕೆಲಸ ಕೇಳುವುದಕ್ಕಿಂತ, ವಾರಕ್ಕೆ ಎರಡು ದಿನ ಬಂದು ಲೆಕ್ಕ ಸರಿಮಾಡಿ ಕೊಡುತ್ತೇನೆ, ಇಷ್ಟು ಕೊಡಿ ಎಂದು ಕೇಳುವುದು ಇಬ್ಬರಿಗೂ ಸಂಕೋಚವಿಲ್ಲದ ದಾರಿ. ಇನ್ನೊಬ್ಬರು, ಮಕ್ಕಳನ್ನು ಬೆಳೆಸುವುದಕ್ಕಾಗಿ ಎಂಟು ಹತ್ತು ವರ್ಷ ಮನೆಯಲ್ಲಿದ್ದು ಮತ್ತೆ ಹೊರಗೆ ದುಡಿಯಬಯಸುವ ಓದಿದ ಹೆಣ್ಣುಮಕ್ಕಳು. ಇವರಿಗೆ ಓದು ಹೆಚ್ಚಾಯಿತೆಂದೂ ಹೇಳುತ್ತಾರೆ, ಅನುಭವ ಕಡಮೆಯಾಯಿತೆಂದೂ ಹೇಳುತ್ತಾರೆ. ಎರಡೂ ಒಂದೇ ಉಸಿರಿನಲ್ಲಿ! ಇಂಥವರು ಸಂದರ್ಶನಕ್ಕೆ ಹೋದಾಗ, ಬಿಟ್ಟ ವರ್ಷಗಳಿಗಾಗಿ ಕ್ಷಮೆ ಕೇಳುವ ಧ್ವನಿಯಲ್ಲಿ ಮಾತನಾಡಬಾರದು. ಎಷ್ಟು ಹೊತ್ತಿಗೆ ಬರಬಲ್ಲೆ, ಎಷ್ಟು ಹೊತ್ತಿಗೆ ಮಕ್ಕಳು ಶಾಲೆಯಿಂದ ಬರುತ್ತಾರೆ, ಆ ನಡುವಣ ಗಂಟೆಗಳಲ್ಲಿ ಯಾವ ಕೆಲಸವನ್ನು ಪೂರೈಸಬಲ್ಲೆ ಎಂಬುದನ್ನು ಮನೆಯಲ್ಲಿಯೇ ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ ಮೇಜಿನ ಮೇಲಿಡಲಿ. ಸಂಬಳದ ಮಾತನ್ನು ಅದಾದ ಮೇಲೆ ಎತ್ತಲಿ.